ಹಳೆ ಸ್ಪೋರ್ಟ್ಸ್ ಕಾರಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ರಾತ್ರಿ ಹಗಲಾಗುತ್ತದೆಯೇ? ಹೆಡ್‌ಲೈಟ್ ಬಗ್ಗೆ ಹರಿದಾಡುವ ಮಾತುಗಳು ಮತ್ತು ನಿಜ

ಇಂಥದ್ದೊಂದು ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಚೆಂದದ ಹಳೆಯ ಕಾರೊಂದು ಕತ್ತಲಲ್ಲಿ ಗೋಡೆಯ ಮುಂದೆ ನಿಂತಿದೆ. ಅದರ ಒಂದು ಹೆಡ್‌ಲೈಟ್ ಹಳದಿಯಾಗಿ, ಮಂಕಾಗಿ ಉರಿಯುತ್ತಿದೆ. ಇನ್ನೊಂದಕ್ಕೆ ಯಾರೋ ಎಲ್‌ಇಡಿ ಬಲ್ಬ್ ಸಿಕ್ಕಿಸುತ್ತಾರೆ. ಗೋಡೆಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕೆಳಗೊಂದು ಬರಹ: "20,000 ಲುಮೆನ್! ಐದೇ ನಿಮಿಷದ ಕೆಲಸ. ಹಳೆ ಗಾಡಿ ಇರುವ ಎಲ್ಲರಿಗೂ ಕಳಿಸಿ."

ಗೋಡೆ ಬೆಳ್ಳಗಾಗಿದ್ದು ಸುಳ್ಳಲ್ಲ. ಆದರೆ ನಾವು ರಾತ್ರಿ ಗೋಡೆ ನೋಡಲು ಗಾಡಿ ಓಡಿಸುವುದಿಲ್ಲ. ಎಪ್ಪತ್ತೈದು ಮೀಟರ್ ಮುಂದೆ ರಸ್ತೆ ದಾಟುತ್ತಿರುವ ಮನುಷ್ಯ ಕಾಣಬೇಕು, ಎದುರಿಂದ ಬರುವ ಬೈಕಿನವನಿಗೆ ನಮ್ಮ ಬೆಳಕು ಕಣ್ಣು ಕುಕ್ಕಬಾರದು. ಹೆಡ್‌ಲೈಟಿನ ಕೆಲಸ ಇವೆರಡೇ. ಈ ಎರಡು ಪರೀಕ್ಷೆಯಲ್ಲಿ ಆ ಬಲ್ಬ್ ಪಾಸಾಗುತ್ತದೆಯೇ ಎಂಬುದನ್ನು ವಿಡಿಯೋ ತೋರಿಸುವುದೇ ಇಲ್ಲ.

ಚುಟುಕಾಗಿ ಹೇಳುವುದಾದರೆ

- ಹಳೆ ಕಾರಿನ ದೀಪ ಮಂಕಾಗಿರುವುದಕ್ಕೆ ಬಹಳ ಸಲ ಕಾರಣ ಬಲ್ಬ್ ಅಲ್ಲ, ಅದಕ್ಕೆ ತಲುಪಬೇಕಾದ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುವುದು.
- ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಹೆಚ್ಚಾದರೂ ಹೋಗಬೇಕಾದ ಕಡೆ ಹೋಗುತ್ತದೆಂಬ ಖಾತರಿ ಇಲ್ಲ.
- ಸರಿಯಾದ ಕ್ರಮ: ಮೊದಲು ವೈರಿಂಗ್, ಆಮೇಲೆ ರಿಲೇ, ಆಮೇಲೆ ಒಳ್ಳೆಯ ದೀಪ, ಕೊನೆಗೆ ದೀಪದ ದಿಕ್ಕು ಸರಿಪಡಿಸುವುದು.

ಈಗ ಒಂದೊಂದಾಗಿ ನೋಡೋಣ.

ಯಾವ ಕಾರು, ಯಾವ ದೀಪ?

ಉದಾಹರಣೆಗೆ ಎಂಜಿಬಿ ಕಾರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಬಾಗಿಲಿನ ಪುಟ್ಟ ಸ್ಪೋರ್ಟ್ಸ್ ಕಾರು ಇದು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಇವತ್ತಿಗೂ ಸಾವಿರಾರು ಜನ ಇದನ್ನು ರಸ್ತೆಯಲ್ಲಿ ಓಡಿಸುತ್ತಾರೆ. ಹಾಗಾಗಿ "ಹಳೆ ಕಾರಿನ ಹೆಡ್‌ಲೈಟ್ ಅಪ್‌ಗ್ರೇಡ್" ಎಂಬ ವಿಡಿಯೋಗಳಲ್ಲಿ ಈ ಕಾರು ಆಗಾಗ ಕಾಣುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಎಂಜಿಬಿಯಲ್ಲಿ ಇದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ ಸೀರೀಸ್ ಎಂಜಿನ್, 1798 ಸಿಸಿ. ನಮ್ಮ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಓಡಿದ್ದು ಅದೇ ಬಿ ಸೀರೀಸ್‌ನ 1489 ಸಿಸಿ ಎಂಜಿನ್. ಎರಡೂ ಒಂದೇ ಮನೆತನದವು. ಹೆಡ್‌ಲೈಟ್ ಕೂಡ ಹಾಗೆಯೇ. ಎಂಜಿಬಿಯ ಮುಖದ ಮೇಲಿರುವುದು ಏಳು ಇಂಚಿನ ದುಂಡನೆಯ ದೀಪ. ಅಂಬಾಸಿಡರ್, ಹಳೆಯ ಜೀಪು, ಬುಲೆಟ್ಟುಗಳ ಮುಖದಲ್ಲೂ ನೀವು ನೋಡಿದ್ದು ಅದೇ ಅಳತೆಯ ದೀಪವನ್ನು. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ನಿಮ್ಮ ತಾತನ ಕಾಲದ ಗಾಡಿಗೂ ಅನ್ವಯಿಸುತ್ತದೆ.

ಈ ಏಳು ಇಂಚು ಜಗತ್ತಿನೆಲ್ಲೆಡೆ ಹಬ್ಬಿದ್ದಕ್ಕೆ ಒಂದು ಕಾರಣವಿದೆ. 1940ರಲ್ಲಿ ಅಮೆರಿಕದ ಕಾರುಗಳಿಗೆಲ್ಲ ಒಂದೇ ಅಳತೆಯ 'ಸೀಲ್ಡ್ ಬೀಮ್' ದೀಪ ಬಂತು. ಅದಕ್ಕೂ ಮೊದಲಿನ ದೀಪಗಳಲ್ಲಿ ಒಳಗೆ ನೀರು, ದೂಳು ಹೋಗಿ ಹಿಂದಿನ ಕನ್ನಡಿ ಬೇಗ ಕಪ್ಪಾಗುತ್ತಿತ್ತು. ಸೀಲ್ಡ್ ಬೀಮ್‌ನಲ್ಲಿ ಫಿಲಮೆಂಟ್, ಕನ್ನಡಿ, ಮುಂದಿನ ಗಾಜು ಎಲ್ಲವೂ ಸೇರಿ ಒಂದೇ ದೊಡ್ಡ ಬಲ್ಬ್. ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕು, ಆದರೆ ಒಳಗಿನ ಕನ್ನಡಿ ಕೆಡುವುದಿಲ್ಲ. ಬಲ್ಬ್ ಮಾತ್ರ ಬದಲಿಸಬಹುದಾದ ದೀಪಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1983ರಲ್ಲಿ. ಅಲ್ಲಿಯವರೆಗೆ ಅಲ್ಲಿಗೆ ಹೋಗುವ ಎಲ್ಲ ಕಾರುಗಳೂ ಅದೇ ನಿಯಮಕ್ಕೆ ತಲೆಬಾಗಬೇಕಿತ್ತು. ಪ್ರಸಿದ್ಧ ಜಾಗ್ವಾರ್ ಇ ಟೈಪ್ ಕಾರಿನ ಹೆಡ್‌ಲೈಟ್ ಮೇಲಿದ್ದ ಚೆಂದದ ಗಾಜಿನ ಮುಚ್ಚಳ 1960ರ ದಶಕದ ಕೊನೆಯಲ್ಲಿ ಮಾಯವಾದದ್ದೂ ಅಮೆರಿಕದ ನಿಯಮಗಳ ಕಾರಣಕ್ಕೇ.

ಹೆಡ್‌ಲೈಟ್ ಎಂದರೆ ಬಲ್ಬ್ ಮಾತ್ರವಲ್ಲ

ತಲೆ ತಿರುಗಿಸಿ ಫೋಕಸ್ ಮಾಡುವ ಹಳೆಯ ಟಾರ್ಚ್ ನೆನಪಿದೆಯೇ? ಸ್ವಲ್ಪ ತಿರುಗಿಸಿದರೆ ಬೆಳಕು ದೂರದ ತೆಂಗಿನ ಮರದ ತುದಿಗೆ ಹೋಗುತ್ತಿತ್ತು. ಇನ್ನೊಂದು ಸುತ್ತು ತಿರುಗಿಸಿದರೆ ನಡುವೆ ಕಪ್ಪು ಮಚ್ಚೆಯಿರುವ ಅಗಲ ಬಳೆಯಾಗುತ್ತಿತ್ತು. ಅಲ್ಲಿ ಬಲ್ಬೂ ಬದಲಾಗಿಲ್ಲ, ಸೆಲ್ಲೂ ಬದಲಾಗಿಲ್ಲ. ಬಲ್ಬ್ ಮತ್ತು ಕನ್ನಡಿಯ ನಡುವಿನ ಅಂತರ ಒಂದೆರಡು ಮಿಲಿಮೀಟರ್ ಬದಲಾಯಿತು, ಅಷ್ಟೆ.

ಹೆಡ್‌ಲೈಟೂ ಅದೇ ಲೆಕ್ಕ. ಗ್ಯಾರೇಜಿನವರು 'ಡೂಮ್' ಎನ್ನುವ ಬಟ್ಟಲಿನಾಕಾರದ ಕನ್ನಡಿ, ಅದರ ಮುಂದೆ ಗೆರೆಗೆರೆಯಾದ ಗಾಜು. ಫಿಲಮೆಂಟ್ ಇಂಥ ಜಾಗದಲ್ಲೇ, ಇಷ್ಟೇ ಉದ್ದ ಇರುತ್ತದೆ ಎಂದು ಲೆಕ್ಕ ಹಾಕಿ ಆ ಕನ್ನಡಿಯ ಬಾಗು ಮತ್ತು ಗಾಜಿನ ಗೆರೆಗಳನ್ನು ರೂಪಿಸಿರುತ್ತಾರೆ.

ಎಚ್4 ಹ್ಯಾಲೊಜನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. 1971ರಲ್ಲಿ ಬಂದ ಈ ಬಲ್ಬ್ ಇವತ್ತಿಗೂ ಹಳೆ ಕಾರುಗಳ ಅಪ್‌ಗ್ರೇಡಿಗೆ ಮೊದಲ ಆಯ್ಕೆ. ಒಳಗೆ ಎರಡು ಫಿಲಮೆಂಟ್ ಇವೆ. ಒಂದು ಹೈ ಬೀಮ್‌ಗೆ, 60 ವ್ಯಾಟ್. ಇನ್ನೊಂದು ಲೋ ಬೀಮ್‌ಗೆ, 55 ವ್ಯಾಟ್. ಲೋ ಬೀಮ್ ಫಿಲಮೆಂಟಿನ ಕೆಳಗೆ ಚಿಕ್ಕ ಲೋಹದ ದೋಣಿಯಂಥ ತಟ್ಟೆ ಕಾಣುತ್ತದೆ. ಇಡೀ ಗುಟ್ಟು ಇರುವುದು ಆ ತಟ್ಟೆಯಲ್ಲಿ. ಅದು ಬೆಳಕು ಕನ್ನಡಿಯ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಬೆಳಕು ಕನ್ನಡಿಯ ಮೇಲ್ಭಾಗಕ್ಕೆ ಮಾತ್ರ ಬಡಿದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಎದುರಿನವರ ಕಣ್ಣಿನ ಎತ್ತರಕ್ಕೆ ಬರುವಲ್ಲಿ ಬೆಳಕಿಗೆ ಒಂದು ಸ್ಪಷ್ಟ ಅಂಚು ಹುಟ್ಟುತ್ತದೆ. ಮೇಲೆ ಕತ್ತಲು, ಕೆಳಗೆ ಬೆಳಕು.

ಮಾತು 1: "ಲುಮೆನ್ ಜಾಸ್ತಿ ಇದ್ದರೆ ಹೆಚ್ಚು ಕಾಣುತ್ತದೆ"

ಲುಮೆನ್ ಎಂದರೆ ಬಲ್ಬಿನಿಂದ ಎಲ್ಲ ದಿಕ್ಕಿಗೂ ಹೊರಡುವ ಬೆಳಕಿನ ಒಟ್ಟು ಮೊತ್ತ. ಆ ಬೆಳಕು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಲುಮೆನ್ ಹೇಳುವುದಿಲ್ಲ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಹೇಳಿದರೆ ಗಿಡದ ಬುಡಕ್ಕೆ ಎಷ್ಟು ಬಿತ್ತು ಎಂದು ಹೇಳಿದಂತಾಗುವುದಿಲ್ಲವಲ್ಲ, ಹಾಗೆ.

ನಿಯಮದ ಪ್ರಕಾರ ಒಂದು ಎಚ್4 ಬಲ್ಬ್ 13.2 ವೋಲ್ಟಿನಲ್ಲಿ ಲೋ ಬೀಮ್‌ಗೆ ಸುಮಾರು 1,000 ಲುಮೆನ್, ಹೈ ಬೀಮ್‌ಗೆ ಸುಮಾರು 1,650 ಲುಮೆನ್ ಕೊಡಬೇಕು. ಜಗತ್ತಿನ ಕೋಟ್ಯಂತರ ಕಾರುಗಳು ರಾತ್ರಿ ಸುರಕ್ಷಿತವಾಗಿ ಓಡಿದ್ದು ಇಷ್ಟೇ ಬೆಳಕಿನಲ್ಲಿ. ಹೀಗಿರುವಾಗ 20,000 ಎಂದು ಡಬ್ಬದ ಮೇಲೆ ಬರೆದಿದ್ದರೆ, ಅದು ನಿಜವೇ ಎಂದು ಕೇಳುವ ಮೊದಲು ಅಷ್ಟೊಂದು ಬೆಳಕು ಯಾರ ಕಣ್ಣಿಗೆ ಹೋಗುತ್ತದೆ ಎಂದು ಕೇಳಬೇಕು.

ಎಲ್‌ಇಡಿ ಬಲ್ಬಿನಲ್ಲಿ ಫಿಲಮೆಂಟ್ ಇಲ್ಲ. ಚಪ್ಪಟೆ ಪಟ್ಟಿಯ ಎರಡೂ ಬದಿಗೆ ಚಿಪ್ಪುಗಳಿರುತ್ತವೆ. ಆ ಪಟ್ಟಿಗೆ ದಪ್ಪವಿದೆ. ಫಿಲಮೆಂಟ್ ಸುತ್ತಲೂ ಬೆಳಕು ಚೆಲ್ಲಿದರೆ ಚಿಪ್ಪು ತನ್ನ ಎದುರಿಗೆ ಮಾತ್ರ ಚೆಲ್ಲುತ್ತದೆ. ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಕನ್ನಡಿಯ ಲೆಕ್ಕ ತಪ್ಪುತ್ತದೆ. ಆಗ ಎರಡು ಕೆಡುಕು ಆಗಬಹುದು. ಬೆಳಕಿನ ಅಂಚಿನ ಮೇಲಕ್ಕೆ ಬೆಳಕು ಸೋರಿ ಎದುರಿನವರ ಕಣ್ಣಿಗೆ ಬೀಳುತ್ತದೆ. ದೂರಕ್ಕೆ ಹೋಗಬೇಕಿದ್ದ ಬೆಳಕು ಬಾನೆಟ್ಟಿನ ಮುಂದೆಯೇ ಚೆಲ್ಲಿಹೋಗುತ್ತದೆ.

ಈ ಎರಡನೆಯದು ಮೋಸಗೊಳಿಸುವಂಥದ್ದು. ಕಾರಿನ ಮುಂದಿನ ಹತ್ತು ಮೀಟರ್ ರಸ್ತೆ ಬೆಳ್ಳಗೆ ಕಂಡಾಗ ನಮಗೆ ಚೆನ್ನಾಗಿ ಕಾಣುತ್ತಿದೆ ಎಂಬ ಧೈರ್ಯ ಬರುತ್ತದೆ. ಆದರೆ ಹತ್ತಿರದ ಹೊಳಪಿಗೆ ಹೊಂದಿಕೊಂಡ ಕಣ್ಣಿಗೆ ದೂರದ ಮಂಕು ವಸ್ತು ಇನ್ನಷ್ಟು ಮಂಕಾಗುತ್ತದೆ.

ಒಂದು ಲೆಕ್ಕ ಮಾಡೋಣ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 33 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ ಸುಮಾರು 41 ಮೀಟರ್ ಬೇಕು. ಒಟ್ಟು 75 ಮೀಟರ್ ಹತ್ತಿರ. ಬಾನೆಟ್ಟಿನ ಮುಂದಿನ ಹತ್ತು ಮೀಟರ್ ಎಷ್ಟೇ ಝಗಮಗಿಸಿದರೂ ಈ 75 ಮೀಟರ್ ಆಚೆ ನಿಂತ, ಕಪ್ಪು ಅಂಗಿ ತೊಟ್ಟವನನ್ನು ಅದು ಉಳಿಸುವುದಿಲ್ಲ.

ಮಾತು 2: "ಹಳೆ ಕಾರಿನ ದೀಪ ಮಂಕು, ಅದು ಹಾಗೇ"

ಬ್ರಿಟಿಷ್ ಕಾರುಗಳ ವಿದ್ಯುತ್ ಭಾಗಗಳನ್ನು ಮಾಡುತ್ತಿದ್ದ ಲೂಕಾಸ್ ಕಂಪನಿಗೆ ಕಾರು ಪ್ರಿಯರು 'ಕತ್ತಲ ರಾಜಕುಮಾರ' ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ನಕ್ಕು ಬಿಡಬಹುದು. ಆದರೆ ಐವತ್ತು ವರ್ಷ ಮಳೆ, ಮಣ್ಣು ತಿಂದ ವೈರು ಯಾವ ಕಂಪನಿಯದಾದರೂ ಹಾಗೇ ಆಗುತ್ತದೆ.

ಎಂಜಿಬಿಯಂಥ ಕಾರುಗಳಲ್ಲಿ ಹೆಡ್‌ಲೈಟಿಗೆ ಬೇಕಾದ ಕರೆಂಟ್ ಎಲ್ಲವೂ ಡ್ಯಾಶ್‌ಬೋರ್ಡಿನ ಸ್ವಿಚ್ಚಿನೊಳಗಿಂದ, ಡಿಪ್ಪರ್ ಸ್ವಿಚ್ಚಿನೊಳಗಿಂದ, ಹಲವು ಕನೆಕ್ಟರುಗಳಿಂದ ಹಾದು ದೀಪಕ್ಕೆ ಬರುತ್ತದೆ. ಹಿಂದಿರುಗುವ ದಾರಿ ಕಾರಿನ ಬಾಡಿ. ಎಲ್ಲೆಲ್ಲಿ ಜೋಡಣೆ ಇದೆಯೋ ಅಲ್ಲೆಲ್ಲ ತುಕ್ಕು, ಕಿಲುಬು ಸೇರಿಕೊಳ್ಳುತ್ತದೆ.

55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್ ಬೇಕು. ದಾರಿಯಲ್ಲಿನ ಎಲ್ಲ ತುಕ್ಕು ಸೇರಿ ಬರೀ 0.15 ಓಮ್ ಅಡ್ಡಿ ಒಡ್ಡಿದರೂ 1.3 ವೋಲ್ಟಿಗಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತದೆ. "ಹದಿಮೂರರಲ್ಲಿ ಒಂದು ಹೋದರೇನು?" ಎನಿಸಬಹುದು. ಇಲ್ಲಿದೆ ವಿಷಯ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಕುಸಿಯುತ್ತದೆ. ಫಿಲಮೆಂಟ್ ಸ್ವಲ್ಪ ತಣ್ಣಗಾದರೂ ಅದರ ಬೆಳಕು ಕೆಂಪಿನತ್ತ ಜಾರುತ್ತದೆ, ಕಣ್ಣಿಗೆ ಕಾಣುವ ಪಾಲು ಕಡಿಮೆಯಾಗುತ್ತದೆ.

- 13.2 ವೋಲ್ಟ್ ತಲುಪಿದರೆ: ಸುಮಾರು 1,000 ಲುಮೆನ್
- ಶೇ. 10 ಕಡಿಮೆ, ಅಂದರೆ 11.9 ವೋಲ್ಟ್: ಸುಮಾರು 700 ಲುಮೆನ್
- ಶೇ. 20 ಕಡಿಮೆ, ಅಂದರೆ 10.6 ವೋಲ್ಟ್: 500 ಲುಮೆನ್‌ಗಿಂತಲೂ ಕಡಿಮೆ

ಅಂದರೆ ಹೊಸ ಬಲ್ಬ್ ಕೊಳ್ಳದೆ, ಕಳೆದುಹೋದ ವೋಲ್ಟೇಜನ್ನು ವಾಪಸ್ ತಂದರೆ ಸಾಕು, ಬೆಳಕು ಒಂದೂವರೆ ಪಟ್ಟು, ಕೆಲವು ಕಾರುಗಳಲ್ಲಿ ಎರಡು ಪಟ್ಟು ಆಗಬಹುದು. ಹಳದಿಯಾಗಿ ಉರಿಯುತ್ತಿದ್ದ ದೀಪ ಬಿಳಿಯಾಗುತ್ತದೆ. ವಿಡಿಯೋದಲ್ಲಿ ತೋರಿಸಿದ 'ಮೊದಲು' ದೀಪದ ಬಡತನ ಬಹುಶಃ ಬಲ್ಬಿನದಲ್ಲ, ವೈರಿನದು.

ಪರೀಕ್ಷೆ ಸುಲಭ. ಎಲೆಕ್ಟ್ರಿಷಿಯನ್ ಬಳಿ ಇರುವ ಮಲ್ಟಿಮೀಟರ್ ಸಾಕು. ಎಂಜಿನ್ ಓಡುತ್ತಿರಲಿ, ಲೋ ಬೀಮ್ ಉರಿಯುತ್ತಿರಲಿ. ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. ಆಮೇಲೆ ಬಲ್ಬಿನ ಹೋಲ್ಡರ್ ಹಿಂದೆ, ಬಲ್ಬ್ ಉರಿಯುತ್ತಿರುವಾಗಲೇ, ಅಳೆಯಿರಿ. ಎರಡರ ವ್ಯತ್ಯಾಸ ಅರ್ಧ ವೋಲ್ಟಿನ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದ್ದರೆ ಬಲ್ಬಿಗೆ ಹಣ ಹಾಕುವ ಮೊದಲು ವೈರಿಂಗ್ ನೋಡಿಸಿ. ಬಲ್ಬ್ ಕಳಚಿ ಅಳೆದರೆ ಪ್ರಯೋಜನವಿಲ್ಲ. ಕರೆಂಟ್ ಹರಿಯದಿದ್ದಾಗ ತುಕ್ಕು ಹಿಡಿದ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ರಿಲೇ ಎಂದರೇನು? ಅದರಿಂದ ಏನು ಲಾಭ?

ರಿಲೇ ಎಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಒಳಗೊಂದು ಸುರುಳಿ ಇರುತ್ತದೆ. ಅದಕ್ಕೆ 0.2 ಆಂಪಿಯರ್‌ನಷ್ಟು ಕೊಟ್ಟರೆ ಅಯಸ್ಕಾಂತವಾಗಿ ದೊಡ್ಡ ಸ್ವಿಚ್ಚನ್ನು ಎಳೆದು ಮುಚ್ಚುತ್ತದೆ. ರಿಲೇ ಹಾಕಿದ ಮೇಲೆ ಹಳೆಯ ಡ್ಯಾಶ್‌ಬೋರ್ಡ್ ಸ್ವಿಚ್ ಬರೀ ಆ ಸುರುಳಿಯನ್ನು ನಡೆಸುತ್ತದೆ. ದೀಪಕ್ಕೆ ಹೋಗುವ 9 ಆಂಪಿಯರ್ ಬ್ಯಾಟರಿ ಕಡೆಯಿಂದ ಫ್ಯೂಸ್ ಮೂಲಕ, ದಪ್ಪ ವೈರಿನಲ್ಲಿ, ಹತ್ತಿರದ ದಾರಿಯಲ್ಲಿ ಬರುತ್ತದೆ.

ರಿಲೇ ಬೆಳಕನ್ನು ಸೃಷ್ಟಿಸುವುದಿಲ್ಲ, ಕಳೆಯುತ್ತಿದ್ದುದನ್ನು ಉಳಿಸುತ್ತದೆ. ಲೋ ಬೀಮ್‌ಗೆ ಒಂದು, ಹೈ ಬೀಮ್‌ಗೆ ಒಂದು ರಿಲೇ ಬೇಕು. ಎಂಜಿಬಿಯಂಥ ಬ್ರಿಟಿಷ್ ಕಾರುಗಳಲ್ಲಿ ವೈರಿನ ಬಣ್ಣ ನೋಡಿಯೇ ದಾರಿ ಗುರುತಿಸಬಹುದು. ನೀಲಿ ಮೇಲೆ ಕೆಂಪು ಗೆರೆ ಲೋ ಬೀಮ್, ನೀಲಿ ಮೇಲೆ ಬಿಳಿ ಗೆರೆ ಹೈ ಬೀಮ್, ಕಪ್ಪು ಎಂದರೆ ಅರ್ಥ್. ಆ ಕಪ್ಪು ವೈರನ್ನು ಮರೆಯಬೇಡಿ. ರಿಲೇ ಹಾಕಿಯೂ ದೀಪ ಮಂಕಾಗಿದ್ದರೆ ಬಣ್ಣ, ತುಕ್ಕಿನ ಮೇಲೆ ಕೂತ ಅರ್ಥ್ ಸ್ಕ್ರೂವೇ ಕಾರಣವಿರಬಹುದು. ಲೋಹ ಹೊಳೆಯುವಂತೆ ಉಜ್ಜಿ ಬಿಗಿ ಮಾಡಿದರೆ ಆಯಿತು.

ಮಾತು 3: "100/90 ಬಲ್ಬ್ ಹಾಕಿಸಿ, ಸಾಕು"

ನಮ್ಮಲ್ಲಿ ಎಲ್‌ಇಡಿ ಬರುವ ಮೊದಲಿನಿಂದಲೂ ಚಾಲ್ತಿಯಲ್ಲಿರುವ ಸಲಹೆ ಇದು. 60/55ರ ಬದಲು 100/90 ವ್ಯಾಟಿನ ಬಲ್ಬ್. ಹಳೆ ವೈರಿಂಗ್ ಇರುವ ಕಾರಿಗೆ ಇದಕ್ಕಿಂತ ಅಪಾಯದ ಸಲಹೆ ಬೇರೆ ಇಲ್ಲ.

ಎರಡು 100 ವ್ಯಾಟ್ ಬಲ್ಬ್ ಎಂದರೆ ಹೈ ಬೀಮ್‌ನಲ್ಲಿ 16 ಆಂಪಿಯರ್‌ಗಿಂತ ಹೆಚ್ಚು. ತುಕ್ಕು ಹಿಡಿದ ಜಾಗದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತದೆ. ಮೇಲಿನ ಅದೇ 0.15 ಓಮ್ ಲೆಕ್ಕದಲ್ಲಿ 9 ಆಂಪಿಯರ್ ಹರಿದಾಗ 12 ವ್ಯಾಟ್ ಬಿಸಿ, 16 ಆಂಪಿಯರ್ ಹರಿದಾಗ 38 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಷ್ಟು ಬಿಸಿ ಡ್ಯಾಶ್‌ಬೋರ್ಡಿನ ಹಿಂದೆ, ಐವತ್ತು ವರ್ಷದ ಪ್ಲಾಸ್ಟಿಕ್ ಸ್ವಿಚ್ಚಿನೊಳಗೆ ಕೂತರೆ ಏನಾಗುತ್ತದೆ? ಸ್ವಿಚ್ ಕರಗಿ ದೀಪ ಆರಿಹೋಗುತ್ತದೆ, ಅದೂ ಹೈ ಬೀಮ್ ಹಾಕಿ ವೇಗವಾಗಿ ಹೋಗುತ್ತಿರುವಾಗ. ಅದಕ್ಕಿಂತ ಕೆಟ್ಟದ್ದಾದರೆ ಬೆಂಕಿ.

ಇನ್ನೊಂದು ಲೆಕ್ಕವೂ ಇದೆ. 1967ರವರೆಗಿನ ಎಂಜಿಬಿಗಳಲ್ಲಿ ಆಲ್ಟರ್ನೇಟರ್ ಇಲ್ಲ, ಡೈನಮೋ ಇದೆ. ಅದು ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಎಂಜಿನ್ ಐಡಲ್‌ನಲ್ಲಿದ್ದಾಗ ಹೆಚ್ಚುಕಡಿಮೆ ಏನೂ ಇಲ್ಲ. ಹೆಡ್‌ಲೈಟ್, ಹಿಂದಿನ ದೀಪ, ವೈಪರ್, ಇಗ್ನಿಷನ್ ಎಲ್ಲವೂ ಇಷ್ಟರಲ್ಲೇ ನಡೆಯಬೇಕು. ಮಳೆಯ ರಾತ್ರಿ 16 ಆಂಪಿಯರ್ ದೀಪಕ್ಕೇ ಹೋದರೆ ಕೊರತೆಯನ್ನು ಬ್ಯಾಟರಿ ತುಂಬಬೇಕು. ಮನೆ ಮುಟ್ಟುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ.

ಇಲ್ಲಿ ಎಲ್‌ಇಡಿಗೆ ಒಂದು ನಿಜವಾದ ಗುಣವಿದೆ ಎಂದು ಒಪ್ಪಬೇಕು. ಅದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ. ಡೈನಮೋ ಇರುವ ಕಾರಿಗೆ ಇದು ದೊಡ್ಡ ಉಪಕಾರ. ಆದರೆ ಅಲ್ಲೂ ಎರಡು ಎಚ್ಚರ ಬೇಕು. ಮೊದಲನೆಯದು, ಆ ಹಳೆ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಜೋಡಿಸಿರುತ್ತಾರೆ. ಇವತ್ತಿನ ಕಾರುಗಳಿಗೆ ಪೂರ್ತಿ ಉಲ್ಟಾ. ಫಿಲಮೆಂಟ್ ಬಲ್ಬಿಗೆ ಪ್ಲಸ್ ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ. ನೋಡದೆ ಹಾಕಿದರೆ ಉರಿಯುವುದಿಲ್ಲ ಅಥವಾ ಸುಟ್ಟುಹೋಗುತ್ತದೆ. ಎರಡನೆಯದು ಬಿಸಿ. ಹ್ಯಾಲೊಜನ್ ಬಲ್ಬಿನ ಶಾಖ ಬಹುಪಾಲು ಬೆಳಕಿನ ಜೊತೆ ಮುಂದಕ್ಕೆ ಹೋಗುತ್ತದೆ. ಎಲ್‌ಇಡಿಯ ಶಾಖ ಅದರ ಬುಡದಲ್ಲೇ ಉಳಿಯುತ್ತದೆ. ಅದಕ್ಕೇ ಹಿಂದೆ ಫ್ಯಾನ್ ಇಟ್ಟಿರುತ್ತಾರೆ. ಹಳೆ ಕಾರಿನಲ್ಲಿ ದೀಪದ ಹಿಂದೆ ಮುಚ್ಚಿದ ಲೋಹದ ಬಟ್ಟಲಿರುತ್ತದೆ. ಗಾಳಿಯಾಡದ ಜಾಗದಲ್ಲಿ ಚಿಪ್ಪು ಕಾದು ಬೆಳಕು ಇಳಿಯುತ್ತದೆ, ಬಾಳಿಕೆಯೂ ಕಡಿಮೆಯಾಗುತ್ತದೆ. ಐದು ನಿಮಿಷದ ವಿಡಿಯೋದಲ್ಲಿ ಇದು ಕಾಣುವುದಿಲ್ಲ.

ಮಾತು 4: "ಹಳದಿ ಬೆಳಕು ಮಂಜನ್ನು ಸೀಳುತ್ತದೆ"

ಇದು ಇನ್ನೊಂದು ಬದಿಯವರ ಫಾರ್ವರ್ಡ್. ಆಕಾಶ ನೀಲಿ ಕಾಣುವುದು ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುವುದರಿಂದ, ಆದ್ದರಿಂದ ಮಂಜಿನಲ್ಲೂ ಹಳದಿ ದೂರ ಹೋಗುತ್ತದೆ ಎಂಬುದು ವಾದ. ತರ್ಕ ಚೆನ್ನಾಗಿದೆ, ಆದರೆ ಮಂಜಿನ ಹನಿ ಗಾಳಿಯ ಅಣುವಲ್ಲ. ಅದು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ. ಮಂಜು, ಮೋಡ ಬೆಳ್ಳಗೆ ಕಾಣುವುದೇ ಅದಕ್ಕೆ.

ಫ್ರಾನ್ಸ್ ದೇಶ 1930ರ ದಶಕದಿಂದ 1993ರವರೆಗೆ ತನ್ನ ಕಾರುಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯ ಮಾಡಿತ್ತು. ಆ ಕಾಲದ ಫ್ರೆಂಚ್ ಕಾರುಗಳಿಗೆ ಈಗಲೂ ಹಳದಿ ದೀಪ ಹಾಕುವುದು ಅಂದಕ್ಕೆ. ಅದರಲ್ಲಿ ತಪ್ಪಿಲ್ಲ. ಹಾಗೆಂದು ತೀರಾ ನೀಲಿ ಬೆರೆತ ಬಿಳಿ ಒಳ್ಳೆಯದು ಎಂದಲ್ಲ. ನೀಲಿ ಹೆಚ್ಚಿರುವ ಬೆಳಕು ಎದುರಿನವರ ಕಣ್ಣಿಗೆ ಹೆಚ್ಚು ಕಿರಿಕಿರಿ ಮಾಡುತ್ತದೆ. ಮಂಜಿನಲ್ಲಿ ನಿಜವಾಗಿ ಕೆಲಸ ಮಾಡುವುದು ಬಣ್ಣವಲ್ಲ, ಕೆಳಕ್ಕೆ ಬಾಗಿದ ಲೋ ಬೀಮ್ ಮತ್ತು ಕಡಿಮೆ ವೇಗ.

ಎದುರಿನಿಂದ ಬರುವವರು ಯಾರು?

ಅಪ್‌ಗ್ರೇಡ್ ಮಾಡುವಾಗ ನಾವು ಡ್ರೈವರ್ ಸೀಟಿನಲ್ಲಿ ಕೂತು ಯೋಚಿಸುತ್ತೇವೆ. ಒಮ್ಮೆ ಎದುರಿನ ಸ್ಕೂಟರಿನ ಮೇಲೆ ಕೂತು ನೋಡಿ. ಅರವತ್ತು ದಾಟಿದವರ ಕಣ್ಣಿನ ಪಾಪೆ ಕತ್ತಲಲ್ಲೂ ಪೂರ್ತಿ ಅರಳುವುದಿಲ್ಲ, ಮಸೂರವೂ ಮಬ್ಬಾಗಿರುತ್ತದೆ. ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಅವರ ಕಣ್ಣಿನ ಹಿಂದಿನ ಪರದೆಗೆ ಸುಮಾರು ಮೂರನೇ ಒಂದು ಪಾಲು ಬೆಳಕು ತಲುಪುತ್ತದೆ. ಆ ಮಬ್ಬು ಮಸೂರದ ಮೇಲೆ ಜೋರು ಬೆಳಕು ಬಿದ್ದರೆ ಅದು ಕಣ್ಣೊಳಗೇ ಚದುರಿ ಎಲ್ಲವನ್ನೂ ತೆರೆಯಂತೆ ಮುಚ್ಚುತ್ತದೆ. ಬೆಳಕು ದಾಟಿಹೋದ ಮೇಲೂ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಆ ಕ್ಷಣದಲ್ಲಿ ಅವರ ಮುಂದೆ ಗುಂಡಿ ಇರಬಹುದು, ದನ ಇರಬಹುದು, ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಇರಬಹುದು.

ಕಾನೂನುಗಳು ಹುಟ್ಟಿರುವುದು ಇದೇ ಕಾರಣಕ್ಕೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ, 1986ರ ಏಪ್ರಿಲ್ 1 ಅಥವಾ ಅದರ ನಂತರ ರಸ್ತೆಗಿಳಿದ ಕಾರಿನ ಹ್ಯಾಲೊಜನ್ ದೀಪಕ್ಕೆ ಎಲ್‌ಇಡಿ ಬಲ್ಬ್ ಹಾಕಿದ್ದರೆ ಫೇಲ್. ಅದಕ್ಕೂ ಹಳೆಯದಾದ ಎಂಜಿಬಿಯಂಥ ಕಾರುಗಳಿಗೆ ಆ ನಿಷೇಧವಿಲ್ಲ, ಆದರೆ ಬೆಳಕಿನ ದಿಕ್ಕು ಸರಿಯಿರಲೇಬೇಕು. ಜರ್ಮನಿಯಲ್ಲಿ 2020ರಲ್ಲಿ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿತು. ಅದೂ ಯಾವ ಕಾರಿನ ಯಾವ ದೀಪದಲ್ಲಿ ಪರೀಕ್ಷೆ ಮಾಡಿದ್ದಾರೋ ಆ ಮಾದರಿಗಳಿಗೆ ಮಾತ್ರ. ಅಂದರೆ ಎಲ್‌ಇಡಿ ಬಲ್ಬ್ ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಬಲ್ಬ್ ಮತ್ತು ಕನ್ನಡಿಯನ್ನು ಜೋಡಿಯಾಗಿ ಪರೀಕ್ಷಿಸಿರಬೇಕು.

ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವುದನ್ನು ತಡೆಯುತ್ತದೆ. ಎದುರಿನವರ ಕಣ್ಣು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿ ಸಾವಿರಾರು ಪ್ರಕರಣ ದಾಖಲಿಸಿದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಸರಿಯಾದ ದಾರಿ ಯಾವುದು?

ನಿಮ್ಮ ಬಳಿ ಏಳು ಇಂಚಿನ ದುಂಡು ದೀಪದ ಹಳೆಯ ವಾಹನವಿದ್ದರೆ ಈ ಕ್ರಮದಲ್ಲಿ ಹೋಗಿ. ಪ್ರತಿ ಹೆಜ್ಜೆ ಮುಗಿದ ಮೇಲೆ ರಾತ್ರಿ ಒಮ್ಮೆ ಓಡಿಸಿ ನೋಡಿ. ಮುಂದಿನ ಹೆಜ್ಜೆ ಬೇಡ ಎನಿಸಲೂಬಹುದು.

1. ಸ್ವಚ್ಛ ಮಾಡಿ. ಮುಂದಿನ ಗಾಜು, ಕನೆಕ್ಟರುಗಳು, ಅರ್ಥ್ ಸ್ಕ್ರೂ. ಡೂಮ್ ಒಳಗೆ ಕನ್ನಡಿ ಕಪ್ಪಾಗಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ, ಡೂಮ್ ಬದಲಿಸಿ.
2. ವೋಲ್ಟೇಜ್ ಅಳೆಯಿರಿ. ಮೇಲೆ ಹೇಳಿದ ರೀತಿ.
3. ರಿಲೇ ಮತ್ತು ಫ್ಯೂಸ್ ಹಾಕಿಸಿ. ಹಳೆ ವೈರಿಂಗ್ ಕತ್ತರಿಸದೆ ಜೋಡಿಸುವ ಸಿದ್ಧ ಕಿಟ್‌ಗಳು ಸಿಗುತ್ತವೆ. ಮುಂದೆ ಬೇಡವೆಂದರೆ ಬಿಚ್ಚಿ ಮೊದಲಿನಂತೆ ಮಾಡಬಹುದು.
4. ಸೀಲ್ಡ್ ಬೀಮ್ ಇದ್ದರೆ ಎಚ್4 ಡೂಮ್ ಹಾಕಿಸಿ. ಒಳ್ಳೆಯ ಕಂಪನಿಯ 60/55 ಬಲ್ಬ್ ಇರಲಿ. ಕಾರಿನ ಮುಖ ಚೂರೂ ಬದಲಾಗುವುದಿಲ್ಲ.
5. ಎಲ್‌ಇಡಿಯೇ ಬೇಕೆಂದರೆ ಬಲ್ಬ್ ಅಲ್ಲ, ಇಡೀ ದೀಪವನ್ನು ಬದಲಿಸಿ. ಎಲ್‌ಇಡಿಗೆಂದೇ ಕನ್ನಡಿ, ಗಾಜು ರೂಪಿಸಿದ ಏಳು ಇಂಚಿನ ದೀಪಗಳಿವೆ. ಗಾಜಿನ ಮೇಲೆ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ ಇದೆಯೇ ನೋಡಿ. ಅದು ಯುರೋಪಿನ ನಿಯಮದಂತೆ ಪರೀಕ್ಷೆಯಾಗಿದೆ ಎಂಬ ಗುರುತು. ನಿಮ್ಮ ಕಾರಿಗೆ ಇದು ಕಾನೂನಿಗೆ ಒಪ್ಪುತ್ತದೆಯೇ ಎಂದು ಆರ್‌ಟಿಒದಲ್ಲಿ ಕೇಳಿಯೇ ಹಾಕಿಸಿ.
6. ಎಡ ಬಲ ನೋಡಿ. ಲೋ ಬೀಮ್‌ನ ಅಂಚು ರಸ್ತೆಯ ಪಕ್ಕದ ಕಡೆ ಸ್ವಲ್ಪ ಮೇಲಕ್ಕೆ ಏರಿರುತ್ತದೆ, ಪಾದಚಾರಿಗಳು ಕಾಣಲೆಂದು. ಭಾರತ, ಬ್ರಿಟನ್ನಿನಲ್ಲಿ ಅದು ಎಡಕ್ಕೆ ಏರಬೇಕು. ಬಲಬದಿಯಲ್ಲಿ ಓಡಿಸುವ ದೇಶದ ದೀಪ ತರಿಸಿದರೆ ಅದು ಬಲಕ್ಕೆ ಏರಿ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದಿಂದ ಬ್ರಿಟನ್ನಿಗೆ ಮರಳಿ ತಂದ ಎಂಜಿಬಿಗಳಲ್ಲಿ ಈ ತಪ್ಪು ಉಳಿದುಬಿಡಬಹುದು. ಇ ಗುರುತಿನ ದೀಪದಲ್ಲಿ, ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಗೈ ಕಡೆ ತೋರಿಸುತ್ತಿದ್ದರೆ ಅದು ನಮ್ಮಂತೆ ಎಡಬದಿಯಲ್ಲಿ ಓಡಿಸುವ ದೇಶದ್ದು. ಬಾಣವೇ ಇಲ್ಲದಿದ್ದರೆ ಬಲಬದಿಯ ದೇಶದ್ದು.
7. ದಿಕ್ಕು ಸರಿಪಡಿಸಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಚಕ್ರಕ್ಕೆ ಗಾಳಿ ಸರಿಯಿರಲಿ, ಸೀಟಿನಲ್ಲಿ ಒಬ್ಬರು ಕೂತಿರಲಿ. ನೆಲದಿಂದ ದೀಪದ ನಡುಭಾಗ ಎಷ್ಟು ಎತ್ತರವಿದೆಯೋ ಅಷ್ಟು ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಲೋ ಬೀಮ್‌ನ ಅಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ದೀಪದ ಸುತ್ತಲಿನ ಸ್ಕ್ರೂ ತಿರುಗಿಸಿದರೆ ಮೇಲೆ ಕೆಳಗೆ ಆಗುತ್ತದೆ.

ಕೊನೆಯ ಹೆಜ್ಜೆಗೆ ಖರ್ಚೇ ಇಲ್ಲ. ಹೊಸ ದೀಪ ಹಾಕಿಸಿದವರು ಮರೆತುಬಿಡುವುದೂ ಇದನ್ನೇ. ಗೋಡೆಯ ಮೇಲೆ ಸ್ಪಷ್ಟ ಅಂಚು ಕಾಣದೆ ಬೆಳಕು ಎಲ್ಲೆಡೆ ಚೆಲ್ಲಿದ್ದರೆ ಆ ಬಲ್ಬ್ ಆ ಡೂಮಿಗೆ ಒಗ್ಗುವುದಿಲ್ಲ ಎಂದೇ ಅರ್ಥ. ಎಷ್ಟೇ ದುಡ್ಡು ಕೊಟ್ಟಿದ್ದರೂ ತೆಗೆದುಬಿಡಿ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಆ ವಿಡಿಯೋ ಬಂದಾಗ ಮೂರು ಪ್ರಶ್ನೆ ಕೇಳಿ. 'ಮೊದಲು' ತೋರಿಸಿದ ದೀಪಕ್ಕೆ ಪೂರ್ತಿ ವೋಲ್ಟೇಜ್ ಬರುತ್ತಿತ್ತೇ? ಗೋಡೆಯ ಮೇಲೆ ಬೆಳಕಿಗೆ ಅಂಚು ಇತ್ತೇ? ಕ್ಯಾಮೆರಾವನ್ನು ಒಮ್ಮೆಯಾದರೂ ಕಾರಿನ ಎದುರಿಗೆ, ಐವತ್ತು ಮೀಟರ್ ದೂರದಲ್ಲಿ, ಸ್ಕೂಟರ್ ಸವಾರನ ಕಣ್ಣಿನ ಎತ್ತರದಲ್ಲಿ ಇಟ್ಟು ತೋರಿಸಿದರೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ವಿಡಿಯೋ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಹಳೆ ಗಾಡಿ ಇಟ್ಟುಕೊಂಡ ಗೆಳೆಯರಿದ್ದರೆ ಅದರ ಬದಲು ಈ ಒಂದು ಸಾಲು ಕಳಿಸಿ: "ಬಲ್ಬ್ ಕೊಳ್ಳುವ ಮೊದಲು ಅರ್ಥ್ ಸ್ಕ್ರೂ ಉಜ್ಜಿ ನೋಡು."